ಕತ್ತರಿಗೆ ಸಿಕ್ಕಿಕೊಳ್ಳುತ್ತಿದ್ದ ಉಂಗುರ ಬೆರಳು: ಒಂದು ಪ್ರಕರಣ

ನನ್ನ ಹತ್ತಿರ ಕೈ ಥೆರಪಿಗೆ ಮೊದಲ ದಿನ ಬಂದಾಗ ಹೊಲಿಗೆ ಕೆಲಸದ ಆ ಮಹಿಳೆ ಕೈಚೀಲದಿಂದ ಕತ್ತರಿ ತೆಗೆದು ಮೇಜಿನ ಮೇಲಿಟ್ಟರು. ಹೊಲಿಗೆಯವರ ದೊಡ್ಡ ಕತ್ತರಿ. ದೊಡ್ಡ ಹಿಡಿಕೆಗೆ ಹಳೇ ಬಟ್ಟೆಯ ಚೂರು ಸುತ್ತಿ ದಾರದಿಂದ ಬಿಗಿದಿದ್ದರು. "ಇದರೊಳಗೆ ಬೆರಳು ಹೋಗುತ್ತೆ ಮೇಡಂ, ವಾಪಸ್ ಬರಲ್ಲ. ಎಡಗೈಯಲ್ಲಿ ಹಿಡಿದು ಎಳೀಬೇಕು" ಅಂದರು. ಮಾಡಿಯೂ ತೋರಿಸಿದರು. ಉಂಗುರ ಬೆರಳು ಕೊಕ್ಕೆಯ ಹಾಗೆ ಬಾಗಿ ನಿಂತಿತ್ತು. ಅದರ ನಡು ಗಿಣ್ಣು ಹಿಡಿಕೆಯ ಅಂಚಿಗೆ ಉಜ್ಜಿ ಉಜ್ಜಿ ಚರ್ಮ ದಪ್ಪಗಾಗಿತ್ತು. ಬಟ್ಟೆ ಸುತ್ತಿದ್ದು ಅದಕ್ಕೇ.

ವಯಸ್ಸು ನಲವತ್ತರ ಆಸುಪಾಸು, ಬಲಗೈ ಬಳಕೆ. ಗುರುತು ಸಿಗುವಂಥ ಬೇರೆ ವಿವರಗಳನ್ನು ಬಿಟ್ಟಿದ್ದೇನೆ. ಮೆಟ್ಟಿಲಲ್ಲಿ ಜಾರಿ ಬಿದ್ದಾಗ ಬಲಗೈ ಉಂಗುರ ಬೆರಳಿನ ಬುಡದ ಎಲುಬು ಓರೆಯಾಗಿ ಮುರಿದಿತ್ತು. ಆಪರೇಷನ್ ಮಾಡಿ ಎರಡು ಸಣ್ಣ ತಂತಿ ಹಾಕಿದ್ದರು. 4 ವಾರಕ್ಕೆ ತಂತಿ ತೆಗೆದರು, 5 ವಾರಕ್ಕೆ ಪ್ಲಾಸ್ಟರ್ ಬಿಚ್ಚಿದರು. "ಎಲುಬು ಕೂಡಿದೆ, ಇನ್ನು ಕೈ ಆಡಿಸಿ" ಅಂದರಂತೆ. ಹೇಗೆ ಆಡಿಸಬೇಕು ಅಂತ ಯಾರೂ ಹೇಳಲಿಲ್ಲ. ನನ್ನ ಹತ್ತಿರ ಬರುವಷ್ಟರಲ್ಲಿ 8 ವಾರ ಆಗಿತ್ತು.

ಎಲುಬು ನಿಜಕ್ಕೂ ಚೆನ್ನಾಗಿ ಕೂಡಿತ್ತು. ಎಕ್ಸ್‌ರೇ ನೋಡಿದೆ, ಸರ್ಜನ್‌ಗೆ ಫೋನ್ ಮಾಡಿ ಬೆರಳನ್ನು ಹೊರಗಿನಿಂದ ಎಳೆಯಬಹುದೇ ಅಂತಲೂ ಕೇಳಿಕೊಂಡೆ. ಒಪ್ಪಿಗೆ ಸಿಕ್ಕಿತು. ಈ ಒಪ್ಪಿಗೆ ಇಲ್ಲದೆ ನಾನು ಯಾವ ಬೆರಳನ್ನೂ ಎಳೆಯುವುದಿಲ್ಲ.

ಪ್ಲಾಸ್ಟರ್ ಒಳಗೆ ಬೆರಳು ಯಾವ ಭಂಗಿಯಲ್ಲಿತ್ತು ಅಂತ ಕೇಳಿದಾಗ ಎಡಗೈಯಲ್ಲಿ ಮಾಡಿ ತೋರಿಸಿದರು. ಬುಡದ ಗಿಣ್ಣು ನೆಟ್ಟಗೆ, ನಡು ಗಿಣ್ಣು ಬಾಗಿ. ಕೈಯನ್ನು ಸುಮ್ನೆ ಸಡಿಲ ಬಿಟ್ಟರೆ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಆರಾಮ ಅನ್ನಿಸುವ ಭಂಗಿ, ಆದರೆ ಕಟ್ಟಿಡುವುದಕ್ಕೆ ತಪ್ಪು ಭಂಗಿ. ಬುಡದ ಗಿಣ್ಣಿನ ಎಲುಬಿನ ತಲೆ ಚೆಂಡಿನಂತೆ ದುಂಡಗಿಲ್ಲ. ಮಡಚಿದಾಗ ಎಲುಬುಗಳನ್ನು ಹಿಡಿದಿಡುವ ಅಕ್ಕಪಕ್ಕದ ಕಟ್ಟುಗಳು, ಅಂದರೆ ಲಿಗಮೆಂಟ್‌ಗಳು, ಬಿಗಿಯಾಗುತ್ತವೆ, ನೆಟ್ಟಗಿಟ್ಟಾಗ ಸಡಿಲ. ಊದಿದ ಕೈಯಲ್ಲಿ ಸಡಿಲವಾಗಿರುವ ಕಟ್ಟು ವಾರಗಟ್ಟಲೆ ಹಾಗೇ ಇದ್ದರೆ ಕುಗ್ಗಿ ಗಿಡ್ಡವಾಗುತ್ತದೆ, ಆಮೇಲೆ ಮಡಚಲು ಬಿಡುವುದಿಲ್ಲ. ನಡು ಗಿಣ್ಣಿನದು ಉಲ್ಟಾ. ಅದರ ಅಂಗೈ ಕಡೆ ಒಂದು ದಪ್ಪ ಪಟ್ಟಿ ಇದೆ. ಗಿಣ್ಣು ಬಾಗಿದ್ದಾಗ ಆ ಪಟ್ಟಿ ಮಡಿಕೆ ಬಿದ್ದು ಅಲ್ಲೇ ಅಂಟುತ್ತದೆ, ಆಮೇಲೆ ನೆಟ್ಟಗಾಗಲು ಬಿಡುವುದಿಲ್ಲ. ಅದಕ್ಕೇ ಕೈ ಕಟ್ಟುವಾಗ ಬುಡದ ಗಿಣ್ಣನ್ನು 70ರಿಂದ 90 ಡಿಗ್ರಿ ಮಡಚಿ, ಮುಂದಿನ ಎರಡೂ ಗಿಣ್ಣನ್ನು ನೆಟ್ಟಗಿಟ್ಟು ಕಟ್ಟಬೇಕು ಅನ್ನುವುದು. ಇವರ ಕೈಯಲ್ಲಿ ಎರಡೂ ತಿರುವುಮುರುವಾಗಿತ್ತು.

ಮೊದಲ ದಿನದ ಲೆಕ್ಕ

ಗೋನಿಯೋಮೀಟರ್, ಅಂದರೆ ಕೀಲಿನ ಕೋನ ಅಳೆಯುವ ಸಲಕರಣೆ, ಇಟ್ಟು ಅಳೆದೆ. ಪೂರ್ತಿ ನೆಟ್ಟಗಿದ್ದರೆ 0 ಅಂತ ಲೆಕ್ಕ. ಬುಡದ ಗಿಣ್ಣು ಅವರಾಗಿಯೇ ಮಡಚಿದರೆ 45 ಡಿಗ್ರಿ, ನಾನು ಒತ್ತಿದರೆ 50. ನಡು ಗಿಣ್ಣು ಎಷ್ಟೇ ಚಾಚಿದರೂ 50 ಡಿಗ್ರಿ ಬಾಗಿಯೇ ಇರುತ್ತಿತ್ತು, ನಾನು ಎತ್ತಿದರೆ 45ಕ್ಕೆ ಬರುತ್ತಿತ್ತು. ಮಡಚಿದರೆ 70, ನಾನು ಒತ್ತಿದರೆ 75. ತುದಿ ಗಿಣ್ಣು ಅವರಾಗಿ ಮಡಚಿದ್ದು 25, ನಾನು ಒತ್ತಿದಾಗ 40. ಮೂರೂ ಗಿಣ್ಣಿನ ಮಡಚುವಿಕೆ ಕೂಡಿಸಿ, ನೆಟ್ಟಗಾಗದೆ ಉಳಿದ 50 ಕಳೆದರೆ 90 ಬಂತು. ಅವರದೇ ಎಡಗೈಯ ಉಂಗುರ ಬೆರಳಿನಲ್ಲಿ ಇದೇ ಲೆಕ್ಕ 260. ಬೆರಳ ತುದಿಗೂ ಅಂಗೈ ಗೆರೆಗೂ ನಡುವೆ 5 ಸೆಂಟಿಮೀಟರ್ ಖಾಲಿ ಜಾಗ. ನಡು ಗಿಣ್ಣಿನ ಸುತ್ತಳತೆ 6.6 ಸೆಂಟಿಮೀಟರ್, ಎಡಗೈಯಲ್ಲಿ 5.8.

ಈ ಅಂಕಿಗಳಲ್ಲಿ ನಾನು ಮೊದಲು ನೋಡುವುದು ಅವರಾಗಿ ಮಾಡಿದ್ದಕ್ಕೂ ನಾನು ಮಾಡಿಸಿದ್ದಕ್ಕೂ ಇರುವ ಅಂತರ. ತುದಿ ಗಿಣ್ಣನ್ನು ನಾನು 40ರ ತನಕ ಮಡಚಬಲ್ಲೆ, ಅವರು 25ಕ್ಕೇ ನಿಲ್ಲುತ್ತಾರೆ. ಅಂದರೆ ಕೀಲು ಬಿಡುತ್ತಿದೆ, ಎಳೆಯುವ ಹುರಿ, ಅಂದರೆ ಟೆಂಡನ್, ಬರುತ್ತಿಲ್ಲ. ಮುರಿದ ಎಲುಬಿನ ಹತ್ತಿರ ಅದು ಅಂಟಿಕೊಂಡಿದೆ. ನಡು ಗಿಣ್ಣು ನೆಟ್ಟಗಾಗದ ಕಥೆ ಬೇರೆ. ಮಣಿಕಟ್ಟು ಮಡಚಿ ನೋಡಿದೆ, ಬುಡದ ಗಿಣ್ಣು ಮಡಚಿ ನೋಡಿದೆ. ಹೇಗಿಟ್ಟರೂ ಅದೇ 45. ಟೆಂಡನ್ ಬಿಗಿಯಾಗಿ ಎಳೆದಿದ್ದರೆ ಮಣಿಕಟ್ಟು ಮಡಚಿದಾಗ ಸ್ವಲ್ಪ ಸಡಿಲ ಸಿಗಬೇಕಿತ್ತು. ಸಿಗಲಿಲ್ಲ. ಹಾಗಾದರೆ ಬಿಗಿ ಇರುವುದು ಕೀಲಿನಲ್ಲೇ. ಇನ್ನೊಂದು ಪರೀಕ್ಷೆ ಅಮೆರಿಕದ ಕೈ ಸರ್ಜನ್ ಸ್ಟರ್ಲಿಂಗ್ ಬನೆಲ್ ಹೆಸರಿನದು. ಬುಡದ ಗಿಣ್ಣು ಮಡಚಿಟ್ಟಾಗ ನಡು ಗಿಣ್ಣು 75ರ ತನಕ ಮಡಚಿತು. ಬುಡದ ಗಿಣ್ಣು ನೆಟ್ಟಗಿಟ್ಟಾಗ 60ಕ್ಕೇ ನಿಂತಿತು. ಅಂಗೈಯೊಳಗಿನ ಪುಟ್ಟ ಸ್ನಾಯುಗಳೂ ಗಿಡ್ಡವಾಗಿವೆ ಅಂತ ಅರ್ಥ.

ಒಂದೇ ಬೆರಳಿನಲ್ಲಿ ನಾಲ್ಕು ಕಡೆ ನಾಲ್ಕು ಥರದ ಬಿಗಿ. ಬಂದವರಿಗೆ ಕಾಣುವುದು "ಬೆರಳು ಗಟ್ಟಿಯಾಗಿದೆ" ಅನ್ನುವುದು ಮಾತ್ರ, ಅಲ್ವಾ. ಉರಿನೋವು, ಬಣ್ಣ ಬದಲಾವಣೆ, ಜಾಸ್ತಿ ಬೆವರು ಇವೆಯಾ ಅಂತಲೂ ನೋಡಿದೆ. ಅವಿದ್ದಿದ್ದರೆ ದಾರಿಯೇ ಬೇರೆ. ಇರಲಿಲ್ಲ.

ನಾನು ಎಡವಿದ್ದು

ಇಷ್ಟೆಲ್ಲ ಪರೀಕ್ಷೆ ಮಾಡಿದ ಮೇಲೂ ಸ್ಪ್ಲಿಂಟ್, ಅಂದರೆ ಬೆರಳನ್ನು ಬೇಕಾದ ಭಂಗಿಯಲ್ಲಿ ಹಿಡಿದಿಡುವ ಆಸರೆ, ಆರಿಸುವಾಗ ನಾನು ಅಭ್ಯಾಸಬಲದಿಂದ ಕೈಗೆ ಸಿಕ್ಕಿದ್ದನ್ನೇ ಕೊಟ್ಟೆ. ಸ್ಪ್ರಿಂಗ್ ತಂತಿಯ ಸಣ್ಣ ಸ್ಪ್ಲಿಂಟ್, ನಡು ಗಿಣ್ಣನ್ನು ಸದಾ ನೆಟ್ಟಗೆ ತಳ್ಳುವಂಥದ್ದು. ಹಾಕಲು ಸುಲಭ, ತೆಗೆಯಲು ಸುಲಭ. ಜೊತೆಗೆ ಊತಕ್ಕೆ ತುದಿಯಿಂದ ಬುಡಕ್ಕೆ ಸುತ್ತುವ ಅಂಟುವ ಎಲಾಸ್ಟಿಕ್ ಪಟ್ಟಿ, ದಿನಕ್ಕೆ ಐದು ಸಲ ಟೆಂಡನ್ ಜಾರಿಸುವ ವ್ಯಾಯಾಮ: ಬೆರಳು ನೆಟ್ಟಗೆ, ಆಮೇಲೆ ಕೊಕ್ಕೆ, ಆಮೇಲೆ ಚಪ್ಪಟೆ ಮುಷ್ಟಿ, ಆಮೇಲೆ ಪೂರ್ತಿ ಮುಷ್ಟಿ.

ಮೂರು ವಾರ ಕಳೆಯಿತು. ನಡು ಗಿಣ್ಣು 45ರಲ್ಲೇ ಇತ್ತು. ಮೊದಲ ವಾರ 6.4ಕ್ಕೆ ಇಳಿದಿದ್ದ ಸುತ್ತಳತೆ 6.8ಕ್ಕೆ ಏರಿತ್ತು. ಗಿಣ್ಣಿನ ಮೇಲೆ ಕೆಂಪು ಕಲೆ.

"ಸ್ಪ್ಲಿಂಟ್ ಎಷ್ಟು ಹೊತ್ತು ಹಾಕ್ತೀರಿ?"

"ಮೂರು ಗಂಟೆ ಮೇಡಂ. ಅದಕ್ಕಿಂತ ಜಾಸ್ತಿ ನೋಯುತ್ತೆ."

"ಮತ್ತೆ ಮನೆಯಲ್ಲಿ ಇನ್ನೇನಾದರೂ ಮಾಡ್ತೀರಾ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು. ರಾತ್ರಿ ಬಿಸಿನೀರಲ್ಲಿ ಕೈ ಅದ್ದಿದ ಮೇಲೆ ಯಜಮಾನರು ಬೆರಳು ಹಿಡಿದು ಜೋರಾಗಿ ಎಳೆಯುತ್ತಿದ್ದರಂತೆ. "ಕಣ್ಣಲ್ಲಿ ನೀರು ಬರುತ್ತೆ, ಆದರೆ ಆ ಹೊತ್ತಿಗೆ ಸ್ವಲ್ಪ ಬಿಟ್ಟ ಹಾಗಾಗುತ್ತೆ. ಬೆಳಿಗ್ಗೆ ನೋಡಿದರೆ ಮೊದಲಿನ ಹಾಗೇ."

ಆ ಯಜಮಾನರ ಮೇಲೆ ನನಗೆ ಸಿಟ್ಟು ಬರಲಿಲ್ಲ. ತುಕ್ಕು ಹಿಡಿದ ಬಾಗಿಲು ತಳ್ಳಿದರೆ ಬಿಡುತ್ತದೆ, ಬೆರಳೂ ಹಾಗೇ ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ಜೋರಾಗಿ ಎಳೆದಾಗ ಕುಗ್ಗಿದ ಕಟ್ಟು ಉದ್ದವಾಗುವುದಿಲ್ಲ, ಅಲ್ಲಲ್ಲಿ ಹರಿಯುತ್ತದೆ. ಹರಿದಲ್ಲಿ ಮತ್ತೆ ಊತ, ಊತದ ಹಿಂದೆ ಮತ್ತೆ ಅಂಟು. ಬೆಳಿಗ್ಗೆ ನೋಡಿದಾಗ ಊತ ಜಾಸ್ತಿ ಇದ್ದರೆ, ನಿನ್ನೆ ಮಾಡಿದ್ದು ಅತಿಯಾಯಿತು ಅಂತ ತಿಳಿಯಬೇಕು.

ನನ್ನ ತಪ್ಪು ಅದಕ್ಕಿಂತ ಸಣ್ಣದೇನಲ್ಲ. ಬಾಗು ಇಷ್ಟು ಜಾಸ್ತಿ ಇರುವಾಗ ಸ್ಪ್ರಿಂಗ್ ಸ್ಪ್ಲಿಂಟ್ ಸರಿಯಾಗಿ ಕೂರುವುದಿಲ್ಲ, ಒತ್ತಡ ಪೂರ್ತಿ ಗಿಣ್ಣಿನ ಬೆನ್ನಿನ ಮೇಲೆ ಬೀಳುತ್ತದೆ. ನೋಯುತ್ತದೆ, ಹಾಗಾಗಿ ತೆಗೆದಿಡುತ್ತಾರೆ. ಜೊತೆಗೆ ನಾನು ಮೊದಲ ದಿನವೇ ಮಾಡಬೇಕಾಗಿದ್ದ ಒಂದು ಪರೀಕ್ಷೆ ಬಿಟ್ಟಿದ್ದೆ. ಬೆರಳು ತಣ್ಣಗಿರುವಾಗ ಅಳೆಯುವುದು, ಆಮೇಲೆ ಬಿಸಿ ಕೊಟ್ಟು, ಆಡಿಸಿ, ಕೊನೆಯ ಮಿತಿಯಲ್ಲಿ ಕೆಲವು ನಿಮಿಷ ಮೆತ್ತಗೆ ಹಿಡಿದು ಮತ್ತೆ ಅಳೆಯುವುದು. 20 ಡಿಗ್ರಿ ಬಿಟ್ಟರೆ ಸ್ಪ್ಲಿಂಟ್ ಬೇಕಾಗದೆಯೂ ಇರಬಹುದು, ವ್ಯಾಯಾಮವೇ ಸಾಕು. 10ರ ಆಸುಪಾಸಾದರೆ ಸ್ಪ್ರಿಂಗ್ ಅಥವಾ ರಬ್ಬರ್ ಎಳೆತ ಕೆಲಸ ಮಾಡುತ್ತದೆ. 5ಕ್ಕಿಂತ ಕಡಿಮೆ ಆದರೆ ಅಲ್ಲಾಡದ ಹಾಗೆ ಮಿತಿಯಲ್ಲೇ ಹಿಡಿದಿಡುವ ಸ್ಪ್ಲಿಂಟೋ ಪ್ಲಾಸ್ಟರೋ ಬೇಕು. ಕೈ ಥೆರಪಿಸ್ಟ್ ಕೆನೆತ್ ಫ್ಲವರ್ಸ್ 2002ರಲ್ಲಿ ಇಂಥದೊಂದು ಏಣಿಯನ್ನು ಬರೆದಿಟ್ಟಿದ್ದಾರೆ. ಓದಿದ್ದೆ, ಮಾಡಿರಲಿಲ್ಲ. ಈಗ ಮಾಡಿದೆ. 45 ಇದ್ದದ್ದು 41 ಆಯಿತು. ನಾಲ್ಕೇ ಡಿಗ್ರಿ.

ಆರು ಪ್ಲಾಸ್ಟರ್

ಸ್ಪ್ರಿಂಗ್ ಎತ್ತಿಟ್ಟೆ. ಬೆರಳಿಗೆ ಪುಟ್ಟ ಪ್ಲಾಸ್ಟರ್ ಕೊಳವೆ ಹಾಕುವುದು, ಮೂರು ನಾಲ್ಕು ದಿನಕ್ಕೊಮ್ಮೆ ಬಿಚ್ಚಿ ಇನ್ನೂ ಸ್ವಲ್ಪ ನೆಟ್ಟಗೆ ಮಾಡಿ ಮತ್ತೆ ಹಾಕುವುದು ಅಂತ ತೀರ್ಮಾನಿಸಿದೆ. ಇದು ಹಳೇ ವಿದ್ಯೆ. ವೆಲ್ಲೂರಿನಲ್ಲಿ ಸರ್ಜನ್ ಪಾಲ್ ಬ್ರ್ಯಾಂಡ್ ಕುಷ್ಠರೋಗದಿಂದ ಮಡಚಿಹೋದ ಬೆರಳುಗಳಿಗೆ ಇದನ್ನೇ ಮಾಡುತ್ತಿದ್ದರು. ಅಂಗಾಂಶವನ್ನು ಎಳೆದು ಉದ್ದ ಮಾಡುವುದಲ್ಲ, ಹಿತವಾದ ಬಿಗಿಯಲ್ಲಿ ಹಿಡಿದಿಟ್ಟರೆ ಅದೇ ಬೆಳೆದು ಉದ್ದವಾಗುತ್ತದೆ ಅನ್ನುವುದು ಅವರ ನಿಲುವು. 1994ರಲ್ಲಿ ಫ್ಲವರ್ಸ್ ಮತ್ತು ಲಸ್ಟೇಯೋ ಬಾಗಿದ 20 ನಡು ಗಿಣ್ಣುಗಳಿಗೆ ಪ್ಲಾಸ್ಟರ್ ಹಾಕಿ ಅಳೆದರು. 3 ದಿನ ಇಟ್ಟಾಗ ಸರಾಸರಿ 3 ಡಿಗ್ರಿ, 6 ದಿನ ಇಟ್ಟಾಗ 5.3 ಡಿಗ್ರಿ ಸಿಕ್ಕಿತು. ಮಿತಿಯಲ್ಲಿ ಎಷ್ಟು ಹೊತ್ತು ಇರುತ್ತದೋ ಹೆಚ್ಚುಕಡಿಮೆ ಅಷ್ಟು ಲಾಭ. ಯಜಮಾನರ ಐದು ನಿಮಿಷದ ಎಳೆತಕ್ಕೂ ಎಪ್ಪತ್ತೆರಡು ಗಂಟೆಯ ಪ್ಲಾಸ್ಟರಿಗೂ ಇರುವ ವ್ಯತ್ಯಾಸವನ್ನು ನಾನು ಅವರಿಬ್ಬರನ್ನೂ ಕೂರಿಸಿಕೊಂಡು ಈ ಅಂಕಿಯಿಂದಲೇ ವಿವರಿಸಿದೆ. ಯಜಮಾನರು, "ಹಾಗಾದರೆ ನಾನು ಏನೂ ಮಾಡಬಾರದಾ?" ಅಂದರು. "ಮನೆಯಲ್ಲಿ ಪಾತ್ರೆ ತೊಳೆಯಿರಿ, ಪ್ಲಾಸ್ಟರ್ ನೆನೆಯಬಾರದು" ಅಂದೆ. ನಕ್ಕರು. ತೊಳೆದರೂ ಅಂತ ಆಮೇಲೆ ಗೊತ್ತಾಯಿತು.

ಹಾಕುವ ಬಗೆ ಹೀಗೆ. ಪ್ಲಾಸ್ಟರ್ ಬ್ಯಾಂಡೇಜನ್ನು ಎರಡು ಬೆರಳಗಲದ ಪಟ್ಟಿಯಾಗಿ ಕತ್ತರಿಸಿಕೊಳ್ಳುತ್ತೇನೆ. ಬೆರಳನ್ನು ಬಿಸಿ ಮಾಡಿ, ಹದಿನೈದು ನಿಮಿಷ ಆಡಿಸಿ, ಚರ್ಮಕ್ಕೆ ತೆಳ್ಳಗೆ ವ್ಯಾಸಲೀನ್ ಸವರುತ್ತೇನೆ. ಪಟ್ಟಿಯನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿ, ಬಟ್ಟೆ ಹಿಂಡಿದ ಹಾಗೆ ಹಿಂಡದೆ, ಎರಡು ಬೆರಳ ನಡುವೆ ಒಮ್ಮೆ ಜಾರಿಸಿ ನೀರು ಇಳಿಸುತ್ತೇನೆ. ಬುಡದ ಗಿಣ್ಣಿನ ಮುಂದಿನಿಂದ ತುದಿ ಗಿಣ್ಣಿನ ಹಿಂದಿನ ತನಕ ಎರಡು ಪದರ ಸುತ್ತುತ್ತೇನೆ. ಸುತ್ತುವಾಗ ಎಳೆಯಬಾರದು, ಉರುಳಿಸಬೇಕು. ಎಳೆದರೆ ಅದೇ ಉರುಳಾಗುತ್ತದೆ. ಆಮೇಲೆ ಬೆರಳ ತುದಿ ಹಿಡಿದು ಮೆತ್ತಗೆ ಎತ್ತಿ, ಪ್ಲಾಸ್ಟರ್ ಬಿಸಿಯಾಗಿ ಗಟ್ಟಿಯಾಗುವ ತನಕ ಅಲುಗದೆ ಕೂರಬೇಕು. ಗಿಣ್ಣಿನ ನೆತ್ತಿಗೆ ಹೆಬ್ಬೆರಳು ಒತ್ತುವ ಆಸೆಯಾಗುತ್ತದೆ, ಒತ್ತಬಾರದು. ಒತ್ತಿದ ಗುಂಡಿ ಹಾಗೇ ಉಳಿದು ಒಳಗೆ ಹುಣ್ಣು ಮಾಡುತ್ತದೆ. ಉಗುರು ಹೊರಗೆ ಕಾಣಬೇಕು. ಬಣ್ಣ ನೀಲಿಯಾದರೆ, ಮರಗಟ್ಟಿದರೆ, ನೋವು ಏರುತ್ತಾ ಹೋದರೆ ಬೆಚ್ಚಗಿನ ನೀರಲ್ಲಿ ನೆನೆಸಿ ತಾವೇ ಬಿಚ್ಚಬೇಕು, ನನ್ನನ್ನು ಕಾಯಬಾರದು ಅಂತ ಬರೆದುಕೊಟ್ಟೆ.

ಬಿಚ್ಚುವಾಗ ಪಕ್ಕದಲ್ಲಿ ಸಣ್ಣ ಕತ್ತರಿಯಿಂದ ಸೀಳುತ್ತಿದ್ದೆ. ಎರಡನೇ ಸಲದಿಂದ ಅವರೇ ಕತ್ತರಿ ಕೇಳಿ ಎಡಗೈಯಲ್ಲಿ ಸೀಳತೊಡಗಿದರು. ನನಗಿಂತ ನೀಟಾಗಿ. ಚಿಪ್ಪುಗಳನ್ನು ಡಬ್ಬಿಯಲ್ಲಿ ಎತ್ತಿಟ್ಟುಕೊಳ್ಳುತ್ತಿದ್ದರು. ಒಂದರ ಪಕ್ಕ ಒಂದು ಸಾಲಾಗಿಟ್ಟರೆ ಬಾಗು ಕಡಿಮೆಯಾಗುತ್ತಾ ಬಂದದ್ದು ಕಣ್ಣಿಗೇ ಕಾಣುತ್ತಿತ್ತು. ನನ್ನ ನೋಟ್‌ಬುಕ್ಕಿನಲ್ಲಿ ಅದು 45, 39, 34, 30, 25, 22, 20. ಆರು ಪ್ಲಾಸ್ಟರ್, ಮೂರು ವಾರ. ಗೋನಿಯೋಮೀಟರಿನಲ್ಲಿ 5 ಡಿಗ್ರಿ ಆಚೀಚೆ ಆಗುವುದು ಸಹಜ, ಹಾಗಾಗಿ ಒಂದೊಂದು ಸಲದ ಅಂಕಿಯನ್ನು ನಾನು ನಂಬುವುದಿಲ್ಲ. ಏಳು ಅಂಕಿ ಒಂದೇ ದಿಕ್ಕಿಗೆ ಹೋದರೆ ನಂಬುತ್ತೇನೆ. ಸುತ್ತಳತೆಯೂ 6.2ಕ್ಕೆ ಇಳಿಯಿತು.

ಪ್ಲಾಸ್ಟರ್ ಇನ್ನೆರಡು ಕೆಲಸ ಪುಕ್ಕಟೆಯಾಗಿ ಮಾಡಿತು. ನಡು ಗಿಣ್ಣು ಬಂದ್ ಆಗಿರುವಾಗ ಮುಷ್ಟಿ ಕಟ್ಟಲು ಹೋದರೆ ಇಡೀ ಬಲ ಬುಡದ ಗಿಣ್ಣಿಗೂ ತುದಿ ಗಿಣ್ಣಿಗೂ ಹಂಚಿಹೋಗುತ್ತದೆ. ಗಂಟೆಗೊಮ್ಮೆ ಹತ್ತು ಸಲ ಬುಡ ಮಡಚಿ, ಹತ್ತು ಸಲ ತುದಿ ಮಡಚಿ ಅಂದಿದ್ದೆ. ಮೂರು ವಾರಕ್ಕೆ ಬುಡದ ಗಿಣ್ಣು 45ರಿಂದ 70ಕ್ಕೆ, ತುದಿ ಗಿಣ್ಣು 25ರಿಂದ 42ಕ್ಕೆ ಬಂತು. ಎಲುಬಿನ ಹತ್ತಿರ ಅಂಟಿದ್ದ ಟೆಂಡನ್ ಜಾರತೊಡಗಿತ್ತು.

ಚಾಚಿದ್ದು ಬಂತು, ಮಡಚಿದ್ದು ಹೋಯಿತು

ಕೊನೆಯ ಪ್ಲಾಸ್ಟರ್ ಬಿಚ್ಚಿದ ದಿನ ಅವರ ಮುಖ ಬಾಡಿತು. ನಡು ಗಿಣ್ಣು ಮೊದಲು 70ರ ತನಕ ಮಡಚುತ್ತಿತ್ತು, ಈಗ 62. "ಒಂದು ಕೊಟ್ಟು ಒಂದು ಕಿತ್ತುಕೊಂಡ ಹಾಗಾಯ್ತಲ್ಲ ಮೇಡಂ" ಅಂದರು. ಹೀಗಾಗುತ್ತದೆ ಅಂತ ನಾನು ಮೊದಲೇ ಹೇಳಿದ್ದೆ, ಆದರೆ ಹೇಳಿದ್ದು ಬೇರೆ, ಮುಷ್ಟಿ ಕಟ್ಟಲು ಹೋಗಿ ಬೆರಳು ಅರ್ಧಕ್ಕೆ ನಿಲ್ಲುವುದು ಬೇರೆ. ಆಡಿಸುವ ಬೆರಳಿನಲ್ಲಿ ಈ ನಷ್ಟ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ವಾಪಸ್ ಬರುತ್ತದೆ. ಇವರಿಗೆ ಹತ್ತು ದಿನ ಹಿಡಿಯಿತು.

ಇನ್ನೊಂದು ವಿಷಯ ನನಗೆ ಜಾಸ್ತಿ ತಲೆಕೆಡಿಸಿತು. ನಾನು ಎತ್ತಿದರೆ ಗಿಣ್ಣು 20ರ ತನಕ ಬರುತ್ತದೆ. ಅವರಾಗಿ ಚಾಚಿದರೆ 32ಕ್ಕೇ ನಿಲ್ಲುತ್ತದೆ. ಕೀಲು ದಾರಿ ಬಿಟ್ಟಿತು, ಆದರೆ ಬೆರಳ ಬೆನ್ನಿನ ಟೆಂಡನ್ ಇಷ್ಟು ದಿನ ಬಾಗಿದ ಗಿಣ್ಣಿನ ಮೇಲೆ ಎಳೆದುಕೊಂಡು ಸಡಿಲವಾಗಿತ್ತು, ಬುಡದ ಎಲುಬಿನ ಮೇಲೆ ಅಂಟಿಯೂ ಇತ್ತು. ಇದನ್ನು ಹಾಗೇ ಬಿಟ್ಟರೆ ಪ್ಲಾಸ್ಟರಿನಿಂದ ಗಳಿಸಿದ್ದು ತಿಂಗಳಲ್ಲಿ ಕರಗುತ್ತದೆ.

ಆಗ ಒಂದು ಪೆನ್ಸಿಲ್ ತೆಗೆದುಕೊಂಡೆ. ನಡು ಬೆರಳಿನ ಬುಡದ ಕೆಳಗೆ ತೂರಿಸಿ, ಉಂಗುರ ಬೆರಳಿನ ಬೆನ್ನಿನ ಮೇಲೆ ಹಾಯಿಸಿ, ಕಿರುಬೆರಳಿನ ಕೆಳಗೆ ತಂದೆ. ಹೀಗೆ ಮಾಡಿದಾಗ ಉಂಗುರ ಬೆರಳಿನ ಬುಡದ ಗಿಣ್ಣು ಅಕ್ಕಪಕ್ಕದವಕ್ಕಿಂತ 15–20 ಡಿಗ್ರಿ ಜಾಸ್ತಿ ಮಡಚಿ ಕೂರುತ್ತದೆ. ಚಾಚುವ ಬಲ ಬುಡದಲ್ಲಿ ಖರ್ಚಾಗದೆ ನಡು ಗಿಣ್ಣಿಗೆ ಹೋಗುತ್ತದೆ. "ಈಗ ಬೆರಳು ಚಾಚಿ" ಅಂದೆ. 32 ಇದ್ದದ್ದು 24 ಆಯಿತು, ಅಲ್ಲೇ, ಅದೇ ನಿಮಿಷ. ಅವರು ಪೆನ್ಸಿಲ್ ತೆಗೆದು ಚಾಚಿದರು, ಹಾಕಿ ಚಾಚಿದರು. ಮತ್ತೆ ತೆಗೆದರು.

ಅದೇ ಆಕಾರಕ್ಕೆ ಥರ್ಮೋಪ್ಲಾಸ್ಟಿಕ್ ಪಟ್ಟಿಯನ್ನು ಬಿಸಿನೀರಲ್ಲಿ ಮೆತ್ತಗೆ ಮಾಡಿ ಮೂರು ಬೆರಳಿಗೆ ನೇಯ್ದು ಸ್ಪ್ಲಿಂಟ್ ಮಾಡಿಕೊಟ್ಟೆ. ಅಂಗೈ ಖಾಲಿ, ಬೆರಳ ತುದಿಗಳು ಖಾಲಿ. ಸೂಜಿ ಹಿಡಿಯಬಹುದು, ಮಷಿನ್ ಓಡಿಸಬಹುದು. ಹಗಲೆಲ್ಲ ಹಾಕಿಕೊಂಡೇ ಕೆಲಸ ಮಾಡಿದರು. ಮೂರು ಗಂಟೆಯ ಸ್ಪ್ರಿಂಗಿಗೂ ಹಗಲಿಡೀ ಹಾಕಿದ ಈ ಪಟ್ಟಿಗೂ ಇದ್ದ ವ್ಯತ್ಯಾಸ ಇಷ್ಟೇ: ಇದು ಅವರ ಕೆಲಸಕ್ಕೆ ಅಡ್ಡ ಬರಲಿಲ್ಲ.

ರಾತ್ರಿಗೆ ಬೇರೆ. ಬೆರಳಿನ ಅಂಗೈ ಕಡೆಗೆ ದೋಣಿಯ ಹಾಗಿರುವ ಸ್ಪ್ಲಿಂಟ್, ಗಿಣ್ಣಿನ ಮೇಲೆ ಅಗಲ ಪಟ್ಟಿ, ಮಲಗುವಾಗ ನೆಟ್ಟಗೆ. ಹಗಲು ನಾಲ್ಕು ಸಲ, ಇಪ್ಪತ್ತು ಇಪ್ಪತ್ತು ನಿಮಿಷ, ಎಲಾಸ್ಟಿಕ್ ಪಟ್ಟಿಯಿಂದ ಬೆರಳನ್ನು ಅಂಗೈ ಕಡೆ ಮಡಚಿ ಕಟ್ಟುವುದು. ಅಂಗೈಯ ಪುಟ್ಟ ಸ್ನಾಯುಗಳಿಗೆ ಕೊಕ್ಕೆ ಮುಷ್ಟಿ. ಇದೆಲ್ಲ ನಿಧಾನದ, ಬೇಸರದ ಕೆಲಸ. ಹೇಳಿಕೊಳ್ಳುವಂಥದ್ದು ಏನೂ ನಡೆಯಲಿಲ್ಲ.

22 ವಾರಕ್ಕೆ ಅಳೆದಾಗ ಅವರಾಗಿ ಮಾಡಿದ ಲೆಕ್ಕ: ಬುಡ 85, ನಡು 92, ತುದಿ 58, ನೆಟ್ಟಗಾಗದೆ ಉಳಿದದ್ದು 15. ಕೂಡಿಸಿ ಕಳೆದರೆ 220. ಅಂಗೈ ಗೆರೆಗೆ ಒಂದು ಸೆಂಟಿಮೀಟರ್‌ನಷ್ಟು ಬಾಕಿ. ಹಿಡಿತದ ಬಲ ಮೊದಲು 6 ಕಿಲೋ ಇತ್ತು, ಈಗ 17. ಎಡಗೈ 22.

ಉಳಿದ 15 ಡಿಗ್ರಿ ಬಗ್ಗೆ ಸರ್ಜನ್ ಜೊತೆ ಮಾತಾಡಿದೆವು. ತಿಂಗಳುಗಟ್ಟಲೆ ಏನೂ ಮುಂದುವರಿಯದಿದ್ದರೆ ಅಂಟು ಬಿಡಿಸುವ, ಕೀಲಿನ ಕಟ್ಟು ಸಡಿಲಿಸುವ ಆಪರೇಷನ್ ಇದೆ. ಆದರೆ ಅದಾದ ಮೇಲೂ ಇದೇ ಸ್ಪ್ಲಿಂಟ್, ಇದೇ ವ್ಯಾಯಾಮ, ಮೊದಲ ದಿನದಿಂದಲೇ. ಗಾಯ ಮತ್ತೆ ಅಂಟುವ ಅಪಾಯವೂ ಇದೆ. 50 ಡಿಗ್ರಿ ಬಾಗಿದ್ದರೆ ನಾನೇ ಹೋಗಿ ಅನ್ನುತ್ತಿದ್ದೆ. 15ಕ್ಕೆ ಬೇಡ ಅಂತ ಮೂವರಿಗೂ ಅನ್ನಿಸಿತು.

ರಾತ್ರಿ ಸ್ಪ್ಲಿಂಟ್ ಇನ್ನೂ ಮೂರು ತಿಂಗಳು ಹಾಕಿ ಅಂದಿದ್ದೆ. ನಡುವೆ ಮನೆಯಲ್ಲಿ ಏನೋ ಕೆಲಸ ಬಂದು ಎರಡು ವಾರ ಬಿಟ್ಟಿದ್ದರು, ಬೆರಳು 23ಕ್ಕೆ ಮಡಚಿಕೊಂಡಿತ್ತು. ಮತ್ತೆ ಹಾಕಿದ ಮೇಲೆ 15ಕ್ಕೆ ಬಂತು. ಈಗ ಅವರೇ ಒಂದು ಅಳತೆ ಇಟ್ಟುಕೊಂಡಿದ್ದಾರೆ: ರಾತ್ರಿ ಹಾಕುವಾಗ ಸ್ಪ್ಲಿಂಟ್ ಬಿಗಿ ಅನ್ನಿಸಿದರೆ ಆ ವಾರ ಪೂರ್ತಿ ಹಾಕುವುದು, ಸಡಿಲ ಅನ್ನಿಸಿದರೆ ವಾರಕ್ಕೆ ಎರಡು ರಾತ್ರಿ.

ಒಂಬತ್ತನೇ ತಿಂಗಳು ಫೋನ್ ಮಾಡಿದಾಗ ಕತ್ತರಿ ಬಗ್ಗೆ ಕೇಳಿದೆ.

"ಅದೇ ಕತ್ತರಿ ಮೇಡಂ. ಹಿಡಿಕೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಹಾಕಿದೀನಿ."